ಬಾಬುವಿನ ಮೆಹಮಾನರು

ಬಾಬುವಿನ ಅಂಗೈ ಬೆಣ್ಣೆಯಷ್ಟು ಮೆತ್ತಗಿತ್ತಂತೆ. ಮುಟ್ಟಿಸಿಕೊಂಡವರೆಲ್ಲ ಹಾಗೆ ಹೇಳುತ್ತಿದ್ದರು. ಭಾನುವಾರ ಬೆಳಿಗ್ಗೆ ಅದಕ್ಕೆ ಅತ್ತರು ಸವರಿಕೊಂಡು ಅವನು ನಮ್ಮ ಚರ್ಚಿನ ಬಾಗಿಲಲ್ಲಿ ನಿಲ್ಲುತ್ತಿದ್ದ. ಬಂದವರು ಗಂಡಸರಾದರೆ ಎರಡೂ ಅಂಗೈಗಳ ನಡುವೆ ಅವರ ಕೈ ಇಟ್ಟುಕೊಂಡು ಮನೆಮಂದಿಯ ಕ್ಷೇಮ ವಿಚಾರಿಸಿ ಮುಗಿಯುವ ತನಕ ಬಿಡುತ್ತಿರಲಿಲ್ಲ. ಹೆಂಗಸರಾದರೆ ತಲೆಯ ಮೇಲೆ ಕೈ ಇಡುತ್ತಿದ್ದ, ಮಕ್ಕಳಾದರೆ ಗಲ್ಲ ಹಿಂಡುತ್ತಿದ್ದ. ಸೋಮವಾರ ತಲೆ ಬಾಚಿಕೊಂಡರೂ ಬಾಬುವಿನ ವಾಸನೆ ಹೋಗುವುದಿಲ್ಲ ಎಂದು ಹೆಂಗಸರು ನಗುತ್ತಿದ್ದರು. ನಮ್ಮ ತಲೆಗೆ ಆ ತೊಂದರೆ ಇರಲಿಲ್ಲ. ನನ್ನನ್ನೂ ನನ್ನ ಅವ್ವನನ್ನೂ ಕಂಡ ಕೂಡಲೇ ಬಾಬು ಹಿಂದೆ ಸರಿದು, ಸೊಂಟ ಬಾಗಿಸಿ, ಕೈ ಜೋಡಿಸಿ ನಮಸ್ಕಾರ ಮಾಡುತ್ತಿದ್ದ. ಅಷ್ಟು ದೊಡ್ಡ ನಮಸ್ಕಾರವನ್ನು ಅವನು ತಹಸೀಲ್ದಾರರಿಗೂ ಮಾಡಿದ್ದು ನಾನು ನೋಡಿಲ್ಲ.

ಊರೆಲ್ಲ ಅವನನ್ನು ಬಾಬುಸಾಬ್ರು ಎನ್ನುತ್ತಿತ್ತು. ನಾನೂ ಎದುರಿಗೆ ಹಾಗೇ ಅನ್ನುತ್ತಿದ್ದೆ. ಬರೆಯುವಾಗ ಮಾತ್ರ ಏಕವಚನವೇ ಸರಿ. ಬಹುವಚನ ಹಚ್ಚಲು ನನ್ನ ಕೈ ಏಳುವುದಿಲ್ಲ. ಅವನು ಭಾಲ್ಕಿಯ ರೈಲು ಠಾಣ್ಯದಲ್ಲಿ ತಿಕೀಟು ಇಸಿದುಕೊಳ್ಳುವ ಕೆಲಸ ಮಾಡಿ ನಿವೃತ್ತನಾದವನು. ನಿಜಾಮರ ಕಾಲದಿಂದಲೂ ಬಾಗಿಲಲ್ಲಿ ನಿಂತು ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡುವುದೇ ಅವನ ದಂಧೆ. ನಿವೃತ್ತಿಯಾದ ಮೇಲೆ ನಮ್ಮ ಪುಟ್ಟ ಲುಥೆರನ್ ಸಭೆಗೆ ಹಿರಿಯನಾದ. ಬಾಗಿಲು ಬದಲಾಯಿತು, ಮನುಷ್ಯ ಬದಲಾಗಲಿಲ್ಲ.

ಸಭೆ ಎಂದರೆ ಕೆಂಪು ಕಲ್ಲಿನ ಒಂದು ಉದ್ದನೆಯ ಕೋಣೆ. ನೆಲಕ್ಕೆ ಜಮಖಾನೆ; ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಎದುರಿಗೆ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಎರಡು ಮೇಣದಬತ್ತಿ, ಮೇಜಿನ ಮುಂದೆ ಮೊಣಕಾಲೂರಲು ಅರ್ಧ ಚಂದ್ರದ ಆಕಾರದ ಕಟ್ಟಿಗೆಯ ಕಟಾಂಜನ. ಜನ ಭಾಲ್ಕಿಯವರು, ಖಟಕ ಚಿಂಚೋಳಿಯಿಂದ ಬರುವ ಕೆಲವು ಮನೆತನದವರು. ಬೇರೆ ಮಿಶನ್ನಿನವರು ನಮ್ಮನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಒಂದು ಮಾತನ್ನು ಒಪ್ಪುತ್ತಿದ್ದರು. ಆ ಸಭೆಗೆ ಯಾರೇ ಹೋಗಲಿ, ಬರ್ರಿ ಅನ್ನಿಸಿಕೊಳ್ಳದೆ, ಚಹಾ ಕುಡಿಯದೆ ಹೊರಗೆ ಬೀಳುವುದಿಲ್ಲ. ಆ ಕೀರ್ತಿಯೆಲ್ಲ ಬಾಬುವಿನದು. ಅದನ್ನು ಅವನು ಜರತಾರಿ ರುಮಾಲಿನಂತೆ ತಲೆಯ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದ.

ನಾವು ಔರಾದ ಸೀಮೆಯ ಹಳ್ಳಿಯವರು. ನಮ್ಮ ಹಿರಿಯರು ತೊಗಲು ಹದ ಮಾಡುವವರು. ಅಪ್ಪ ಅವ್ವ ಇಬ್ಬರೂ ಮದುವೆಯಾದ ಹೊಸದರಲ್ಲಿ, ಊರಿಂದೂರಿಗೆ ನಡೆದು ಬರುತ್ತಿದ್ದ ಒಬ್ಬ ಪಾದ್ರಿಗಳ ಕೈಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಪ್ರಶ್ನೋತ್ತರ ಪಾಠ ಬಾಯಿಪಾಠ ಮಾಡಿ ದೃಢೀಕರಣವನ್ನೂ ಪಡೆದರು. ಮುಂದೆ ನನಗೂ ಎರಡೂ ಆದವು. ಅಪ್ಪ ತೀರಿಕೊಂಡ. ನಾನು ಹೇಗೋ ಓದಿ ಭಾಲ್ಕಿಯ ಹೆಣ್ಣುಮಕ್ಕಳ ಶಾಲೆಗೆ ಟೀಚರಾದೆ. ಅವ್ವ ನನ್ನ ಜೊತೆ ಬಂದಳು. ಆಗಿನ್ನೂ ಬೀದರ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮ ಹಳ್ಳಿಯ ಉಪದೇಶಿಗಳು ಖುದ್ದಾಗಿ ಭಾಲ್ಕಿಗೆ ಬಂದು, ಈ ತಾಯಿ ನಮ್ಮ ಸಭೆಯವಳು, ಇನ್ನು ಮುಂದೆ ನಿಮ್ಮ ಸಭೆಯವಳು ಎಂದು ಬಾಬುವಿನ ಮುಂದೆ ಹೇಳಿ ಹೋಗಿದ್ದರು. ಅವರು ಹೇಳಿದ್ದನ್ನು ಬಾಬು ತಲೆಯಾಡಿಸಿ ಕೇಳಿದ್ದನ್ನು ನಾನೇ ನೋಡಿದ್ದೇನೆ.

ಮೊದಲ ಭಾನುವಾರ ನಾವು ಒಳಗೆ ಕಾಲಿಟ್ಟಾಗ ಅವ್ವ ರೂಢಿಯಂತೆ ಹೆಂಗಸರ ಜಮಖಾನೆಯ ಕಡೆ ಹೊರಟಳು. ಬಾಬು ಓಡಿ ಬಂದು ಅಡ್ಡ ನಿಂತ.

"ಛೇ ಛೇ, ಅಲ್ಲಿ ಯಾಕ್ರಿ ಅಕ್ಕಾರ! ನೀವು ನಮ್ಮ ಮೆಹಮಾನ್ರು. ಮೆಹಮಾನ್ರಿಗಿ ನೆಲದ ಮ್ಯಾಲ ಕುಂದ್ರಸ್ತಾರೇನ್ರಿ? ಇಲ್ಲಿ ಬರ್ರಿ, ಕುರ್ಚಿ ಮ್ಯಾಲ ಕುಂದ್ರಿ."

ಮೆಹಮಾನರೆಂದರೆ ಅತಿಥಿಗಳು. ಬಾಗಿಲ ಪಕ್ಕದಲ್ಲಿ, ಗೋಡೆಗೆ ಒತ್ತಿ, ಎರಡು ಬೆತ್ತದ ಕುರ್ಚಿಗಳು. ಹುಟ್ಟಿದಾಗಿನಿಂದ ಕುರ್ಚಿಯ ಮೇಲೆ ಕೂತರಿಯದ ಅವ್ವ ತುದಿಯಲ್ಲಿ ಕುಳಿತಳು. ಅವತ್ತು ನನಗೂ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ. ಮುಂದಿನ ಭಾನುವಾರವೂ ಕುರ್ಚಿ. ಅದರ ಮುಂದಿನ ಭಾನುವಾರವೂ. ಮಳೆಗಾಲ ಹೋಯಿತು, ಕ್ರಿಸ್ಮಸ್ಸು ಬಂತು, ಬೇಸಿಗೆ ಬಂತು; ನಾವು ಕುರ್ಚಿಯ ಮೇಲೇ ಇದ್ದೆವು. ನಮ್ಮ ನಂತರ ಬೀದರಿನ ನೌಬಾದದಿಂದ ವರ್ಗವಾಗಿ ಬಂದ ಒಂದು ಸಂಸಾರ ಮೊದಲ ದಿನವೇ ಜಮಖಾನೆಯ ಮೇಲೆ ಕುಳಿತು, ತಿಂಗಳೊಳಗೆ ಪಾತ್ರೆ ತೊಳೆಯುವ ಪಾಳಿಗೂ ಸೇರಿಕೊಂಡಿತು. ನಾವು ಮಾತ್ರ ಮೆಹಮಾನರು. ವರ್ಷಗಟ್ಟಲೆ ಮೆಹಮಾನರಾಗಿ ಉಳಿದವರನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಆರಾಧನೆ ಮುಗಿದ ಮೇಲೆ ಚಹಾ. ಬಾಬುವಿನ ಹೆಂಡತಿ ದೊಡ್ಡ ಬೋಗಣಿಯಲ್ಲಿ ಕಾಸಿ ತರುತ್ತಿದ್ದಳು, ಎಲ್ಲರೂ ಹಿತ್ತಾಳೆ ಗಿಲಾಸಿನಲ್ಲಿ ಕುಡಿಯುತ್ತಿದ್ದರು. ನಮಗೆ ಗಿಲಾಸಲ್ಲ; ನೀಲಿ ಹೂವಿನ ಪಿಂಗಾಣಿ ಕಪ್ಪು ಬಸಿ. ಎರಡು ಜೊತೆ. "ಮೆಹಮಾನ್ರ ಕಪ್ಪು" ಎಂದು ಬಾಬು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿ ಕೊಡಿಸುತ್ತಿದ್ದ. ಕುಡಿದಾದ ಮೇಲೆ ಅವು ಗಿಲಾಸುಗಳ ಬುಟ್ಟಿಗೆ ಹೋಗುತ್ತಿರಲಿಲ್ಲ. ಬೇರೆ ತೊಳೆದು, ಬಟ್ಟೆಯಲ್ಲಿ ಸುತ್ತಿ, ಬಾಗಿಲ ಮೇಲಿನ ಗೂಡಿನಲ್ಲಿ ಇಡುತ್ತಿದ್ದರು. ಒಡೆದೀತೆಂಬ ಜೋಪಾನ ಎಂದು ಅವ್ವ ನಂಬಿದ್ದಳು.

ಒಂದು ಭಾನುವಾರ ಶಿಕ್ಷಣ ಖಾತೆಯ ಇನ್ಸ್‌ಪೆಕ್ಟರರೊಬ್ಬರು ಬಂದರು. ಅವರು ಖರೇ ಮೆಹಮಾನರು. ಬಾಬು ಅವರ ಕೈ ಹಿಡಿದು ಕುಲುಕಿ ಕುಲುಕಿ, ಗಂಡಸರ ಜಮಖಾನೆಯ ಮೇಲೆ ತನ್ನ ಪಕ್ಕದಲ್ಲೇ ಕೂಡಿಸಿಕೊಂಡ. ಚಹಾ ಬಂತು. ನಾನು ಗೂಡಿನ ಕಡೆಯೇ ನೋಡುತ್ತಿದ್ದೆ. ಇನ್ಸ್‌ಪೆಕ್ಟರರಿಗೆ ಬಂದದ್ದು ಹಿತ್ತಾಳೆ ಗಿಲಾಸು, ನಮಗೆ ನೀಲಿ ಹೂವು. ಅವತ್ತು ನನಗೆ ಎಲ್ಲ ತಿಳಿಯಿತು. ಅದು ಮೆಹಮಾನರ ಕಪ್ಪಲ್ಲ, ನಮ್ಮ ಕಪ್ಪು. ಇಂಥ ನಾಜೂಕಿನ ಹೊಲಸನ್ನು ಹೂವಿನ ಚಿತ್ರ ಬಿಡಿಸಿ ಮುಂದೆ ಹಿಡಿಯುವುದಕ್ಕೆ ಎಂಥ ತಲೆ ಬೇಕು!

ಇದೇ ಬಾಬು ಪ್ರತಿ ವರ್ಷ ಸುಗ್ಗಿ ಕಾಣಿಕೆಯ ದಿನ ಸಾಕ್ಷಿ ಹೇಳಲು ಎದ್ದು ನಿಲ್ಲುತ್ತಿದ್ದ. ಚಿಕ್ಕವನಿದ್ದಾಗ ಠಾಣ್ಯದ ಹೋಟೆಲಿನವನು ಅವನ ಅಪ್ಪನನ್ನು ಒಳಗೆ ಬಿಡುತ್ತಿರಲಿಲ್ಲವಂತೆ. ಹೊರಗೆ ಬೇವಿನ ಮರಕ್ಕೆ ನೇತುಹಾಕಿದ ಕರಟದಲ್ಲಿ ಮೇಲಿನಿಂದ ಚಹಾ ಸುರಿಯುತ್ತಿದ್ದನಂತೆ. ಹೇಳುತ್ತ ಹೇಳುತ್ತ ಬಾಬುವಿನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಯೇಸುಸ್ವಾಮಿ ಆ ಕರಟ ಒಡದು ಹಾಕಿದನ್ರಿ!" ಎಂದು ಎದೆಗೆ ಕೈ ಬಡಿದುಕೊಳ್ಳುತ್ತಿದ್ದ. ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದರು. ಅವ್ವ ಎಲ್ಲರಿಗಿಂತ ಹೆಚ್ಚು ಅಳುತ್ತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಅದೇ ಬಾಬು ಗೂಡಿನ ಕಡೆ ಬೆರಳು ತೋರಿಸುತ್ತಿದ್ದ. ನಾಚಿಕೆಗೂ ಒಂದು ನೆಲೆ ಬೇಕಲ್ಲ, ಅದು ಆ ಮನುಷ್ಯನೊಳಗೆ ಇರಲೇ ಇಲ್ಲ.

ಕಪ್ಪು ಕುರ್ಚಿಯ ಮಾತು ಬಿಡಿ, ಅವ್ವನಿಗೆ ಅವು ದೊಡ್ಡ ವಿಷಯವೇ ಅಲ್ಲ. ಅವಳಿಗೆ ಬೇಕಾದದ್ದು ಒಂದೇ: ಕರ್ತನ ಭೋಜನ. ರೊಟ್ಟಿಯ ಚೂರು, ಎಲ್ಲರೂ ಸರದಿಯಲ್ಲಿ ತುಟಿ ಹಚ್ಚುವ ಒಂದೇ ಬೆಳ್ಳಿ ಬಟ್ಟಲಿನಿಂದ ಒಂದು ಗುಟುಕು ದ್ರಾಕ್ಷಾರಸ. ಅಪ್ಪನ ಜೊತೆ ಅವಳು ಕೊನೆಯ ಸಲ ಮೊಣಕಾಲೂರಿದ್ದು ನಮ್ಮ ಹಳ್ಳಿಯಲ್ಲಿ, ಆ ಭೋಜನಕ್ಕೆ. ಕಟಾಂಜನ ಯಾಕೆ ಅರ್ಧ ಚಂದ್ರದ ಹಾಗಿರುತ್ತದೆ ಎಂದು ನಮ್ಮ ಉಪದೇಶಿಗಳು ಅವಳಿಗೆ ಹೇಳಿದ್ದರು: ಈ ಕಡೆ ಬದುಕಿದ್ದವರು ಮೊಣಕಾಲೂರುತ್ತಾರೆ, ಉಳಿದರ್ಧ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಲ್ಲಿ ತೀರಿಹೋದವರು ಕೂತಿರುತ್ತಾರೆ, ಎಲ್ಲರದೂ ಒಂದೇ ಪಂಕ್ತಿ. ಅವ್ವ ಅದನ್ನು ಅಕ್ಷರಶಃ ನಂಬಿದವಳು.

"ನಿಮ್ಮಪ್ಪ ಅಲ್ಲಿ ಉಣ್ಣಾಕ ಕುಂತಾನ," ಎನ್ನುತ್ತಿದ್ದಳು. "ನಾ ಬಾಗಲ ಹತ್ತಿರ ಕುರ್ಚಿ ಮ್ಯಾಲ ಕುಂತೇನಿ. ಹಿಂಗಾದ್ರ ಹ್ಯಾಂಗವ್ವಾ?"

ನಮ್ಮ ಸಭೆಯಲ್ಲಿ ಒಂದು ಕಟ್ಟಳೆ ಇತ್ತು. ಭೋಜನಕ್ಕೆ ಬರುವವರು ಹಿಂದಿನ ದಿನ, ಶನಿವಾರ, ಹಿರಿಯನ ಮನೆಗೆ ಹೋಗಿ "ನಾಳೆ ನಾನು ಬರುತ್ತೇನೆ" ಎಂದು ತಿಳಿಸಬೇಕು. ಹಿರಿಯ ಅದನ್ನು ಪಾದ್ರಿಗೆ ಹೇಳಬೇಕು. ಭೋಜನವಿದ್ದಾಗಲೆಲ್ಲ ಅವ್ವ ಸೀರೆ ಬದಲಿಸಿಕೊಂಡು ಬಾಬುವಿನ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದಳು. ಪ್ರತಿ ಸಲವೂ ಅದೇ ನಮಸ್ಕಾರ, ಅದೇ ಮಾತು: "ಈ ಸಲ ಇರ್ಲಿ ಬಿಡ್ರಿ ಅಕ್ಕಾರ. ನೀವು ಮೆಹಮಾನ್ರು, ನಿಮಗ್ಯಾಕ ತಕ್ಲೀಫು? ಮುಂದಿನ ಸಲ ನೋಡೂಣು."

ಪಾದ್ರಿಗೇ ಕೇಳಬಹುದಿತ್ತಲ್ಲ ಎಂದೀರಿ. ಆಗಿನ ಪಾದ್ರಿಗಳು ಜಹೀರಾಬಾದಿನಲ್ಲಿದ್ದರು. ಅಪರೂಪಕ್ಕೆ ಬೆಳಗಿನ ರೈಲಿಗೆ ಬಂದು ಮಧ್ಯಾಹ್ನದ ರೈಲಿಗೆ ಹೋಗುತ್ತಿದ್ದರು. ತೆಲುಗಿನವರು, ವಯಸ್ಸಾದವರು, ಕಿವಿ ಮಂದ. ಅವರ ಪ್ರಸಂಗವನ್ನು ವಾಕ್ಯ ವಾಕ್ಯಕ್ಕೆ ಕನ್ನಡ ಮಾಡುವವನು ಬಾಬು. ಜನರ ಮಾತನ್ನು ಅವರಿಗೆ ತೆಲುಗು ಮಾಡುವವನೂ ಬಾಬುವೇ. ಒಮ್ಮೆ ನಾನು ತಡೆಯಲಾರದೆ ನೇರವಾಗಿ ಅವರ ಮುಂದೆ ಹೋಗಿ, ನನ್ನ ತಾಯಿಗೆ ಭೋಜನ ಯಾಕಿಲ್ಲ ಎಂದು ಉರ್ದುವಿನಲ್ಲಿ ಗಟ್ಟಿಯಾಗಿ ಕೇಳಿದೆ. ಅವರು ಬಾಬುವಿನ ಮುಖ ನೋಡಿದರು. ಬಾಬು ನಗುತ್ತ ಅವರ ಕಿವಿಯಲ್ಲಿ ತೆಲುಗಿನಲ್ಲಿ ಏನೋ ಹೇಳಿದ. ಪಾದ್ರಿಗಳು ಬಹಳ ಸಂತೋಷದಿಂದ ನನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ ರೈಲಿಗೆ ಹೋದರು. ಏನು ಹೇಳಿದನೋ ಆ ಮಹಾನುಭಾವ, ನನಗೆ ಗಂಡು ನೋಡಿ ಎಂದನೋ ಏನೋ.

ಅಷ್ಟರಲ್ಲಿ ರಾಜ್ಯಗಳನ್ನು ಒಡೆದು ಕಟ್ಟಿದರು. ಬೀದರ, ಭಾಲ್ಕಿ, ಔರಾದ ಎಲ್ಲ ಮೈಸೂರು ರಾಜ್ಯಕ್ಕೆ ಬಂದವು. ಜಹೀರಾಬಾದು ಆಂಧ್ರಕ್ಕೆ, ಉದಗೀರು ಮುಂಬೈ ಕಡೆಗೆ ಹೋದವು. ಕಚೇರಿಯ ಉರ್ದು ಬೋರ್ಡುಗಳು ಇಳಿದು ಕನ್ನಡದವು ಏರಿದವು. ಶಾಲೆಯಲ್ಲಿ ಮಕ್ಕಳಿಗೆ ಪೇಢೆ ಹಂಚಿದೆವು. ಬಾಬುವಿನ ಉತ್ಸಾಹವನ್ನಂತೂ ಕೇಳಬೇಡಿ. ಮೈಸೂರಿನಿಂದ ಸಾಹೇಬರು ಬರುತ್ತಾರೆ, ಅವರು ನಮ್ಮ ಮಾತು ಕೇಳಿ ನಗಬಾರದು ಎಂದು ಅವನು ಗಡ್ಡ ನುಣ್ಣಗೆ ಬೋಳಿಸಿ, ಶೇರವಾನಿ ಪೆಟ್ಟಿಗೆಗೆ ಹಾಕಿ, ಬಿಳಿ ಪಂಚೆ ಉಟ್ಟುಕೊಂಡ. ನನ್ನನ್ನು ತಡೆದು ನಿಲ್ಲಿಸಿ, "ಟೀಚರಬಾಯಿ, ಮೈಸೂರಾಗ ಬರ್ರಿ ಅನ್ನಾಕ ಏನಂತಾರ್ರಿ?" ಎಂದು ಕೇಳಿದ. "ದಯಮಾಡಿಸಬೇಕು" ಎನ್ನುತ್ತಾರೆ ಎಂದೆ. ಆವತ್ತಿನಿಂದ ಬಾಗಿಲಲ್ಲಿ ನಿಂತು ಎಮ್ಮೆ ಕಾಯುವವರಿಗೂ ಗಿರಣಿ ಹಮಾಲರಿಗೂ "ದಯಮಾಡಿಸಬೇಕ್ರಿ, ದಯಮಾಡಿಸಬೇಕ್ರಿ" ಎಂದು ಶುರು ಮಾಡಿದ. ಆಳುವವರು ಬದಲಾದರೆ ಬೆನ್ನು ಯಾವ ಕಡೆ ಬಗ್ಗಿಸಬೇಕು ಎಂಬುದಷ್ಟೇ ಅವನ ಚಿಂತೆ.

ಜಹೀರಾಬಾದಿನ ಪಾದ್ರಿಗಳು ಬರುವುದು ನಿಂತಿತು. ಅವರ ಬದಲಿಗೆ ಮೈಸೂರು ಸೀಮೆಯ ಒಬ್ಬ ಎಳೆಯ ಪಾದ್ರಿಯನ್ನು ಕೊಟ್ಟರು. ಕನ್ನಡದವರು. ಅಂದರೆ ಇನ್ನು ಮೇಲೆ ಪಾದ್ರಿಗೂ ಅವ್ವನಿಗೂ ನಡುವೆ ಬಾಬುವಿನ ನಾಲಿಗೆ ಬೇಕಿಲ್ಲ. ಮೈಸೂರು ರಾಜ್ಯ ಸೇರಿದ್ದರಿಂದ ಯಾರ್ಯಾರಿಗೆ ಏನೇನು ದಕ್ಕಿತೋ ಗೊತ್ತಿಲ್ಲ, ನನ್ನ ಅವ್ವನಿಗೆ ದಕ್ಕಿದ್ದು ಇದು.

ಹೊಸ ಪಾದ್ರಿಗಳ ಮೊದಲ ಭೋಜನಾರಾಧನೆಯ ಹಿಂದಿನ ಶನಿವಾರ ಅವ್ವನ ಜೊತೆ ನಾನೂ ಹೋದೆ. ಬಾಬುವಿನ ಹೆಂಡತಿ ಅಂಗಳದ ಒಲೆಯ ಮೇಲೆ ಒಣದ್ರಾಕ್ಷಿ ಕುದಿಸುತ್ತಿದ್ದಳು. ಭೋಜನದ ರಸ ಮಾಡುತ್ತಿದ್ದವಳು ಅವಳೇ. ಬಾಬು ಪಂಚೆ ಸರಿಪಡಿಸಿಕೊಳ್ಳುತ್ತ ಹೊರಗೆ ಬಂದ.

"ನಾಳಿಗಿ ನಾನೂ ಬರ್ತೇನ್ರಿ ಬಾಬುಸಾಬ್ರ," ಎಂದಳು ಅವ್ವ.

"ಹೊಸ ಅಯ್ಯನೋರು, ಮೊದಲ್ನೇ ಸಲ ಬರಾಕತ್ಯಾರ. ಅವರ ಮುಂದ ಗದ್ದಲ ಬ್ಯಾಡ್ರಿ ಅಕ್ಕಾರ. ನೀವು ನಮ್ಮ ಮೆಹಮಾನ್ರು. ಕುರ್ಚಿಗಿ ಹೊಸಾ ಬೆತ್ತ ಹಾಕಸೇನಿ, ಆರಾಮ ಕುಂದ್ರಿ."

ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಅವ್ವ ಕೈ ಹಿಸುಕಿ ತಡೆದಳು. ದಾರಿಯಲ್ಲಿ ನಾನು, ನಾಳೆ ಪಾದ್ರಿಯ ಮುಂದೆ ಇವನ ಮಾನ ಹರಾಜು ಹಾಕುತ್ತೇನೆ ಎಂದು ಕುದಿಯುತ್ತಿದ್ದರೆ ಅವಳು, "ನೀ ಬಾಯಿ ಹಾಕಬ್ಯಾಡ. ನನ್ನ ಊಟ, ನಾ ಕೇಳ್ತೇನಿ" ಎಂದಳು.

ಭಾನುವಾರ ಪಾದ್ರಿಗಳು ರೈಲಿಳಿದು ನೇರವಾಗಿ ಬಂದರು. ಕಪ್ಪು ನಿಲುವಂಗಿ, ಕುತ್ತಿಗೆಗೆ ಬಿಳಿ ಪಟ್ಟಿ, ಮುಖದಲ್ಲಿ ಇನ್ನೂ ಹುಡುಗುತನ. ಎಲ್ಲರೂ ಮೊಣಕಾಲೂರಿ ಪಾಪದ ಅರಿಕೆ ಹೇಳಿದೆವು. ಎಲ್ಲರಿಗಿಂತ ಬಾಬುವಿನ ದನಿಯೇ ದೊಡ್ಡದು. ಆಮೇಲೆ ಪಾದ್ರಿಗಳು ಮೇಜಿನ ಮುಂದೆ ನಿಂತು, "ಎಲ್ಲವೂ ಸಿದ್ಧವಾಗಿದೆ, ಬನ್ನಿರಿ" ಎಂದು ಕರೆದರು. ರೂಢಿಯ ಪ್ರಕಾರ ಮೊದಲು ಏಳುವವನು ಬಾಬು. ಅವನಿನ್ನೂ ಪಂಚೆಯ ನಿರಿಗೆ ಹಿಡಿದು ಏಳುತ್ತಿದ್ದ. ಅಷ್ಟರಲ್ಲಿ ಬಾಗಿಲ ಪಕ್ಕದ ಕುರ್ಚಿ ಕಿರ್ರೆಂದಿತು. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಎರಡು ಜಮಖಾನೆಗಳ ನಡುವಿನ ದಾರಿಯಲ್ಲಿ ನಡೆದುಹೋಗಿ, ಕಟಾಂಜನದ ಮುಂದೆ ಮೊಣಕಾಲೂರಿದಳು.

ಬಾಬು ಓಡಿದ.

"ಅಕ್ಕಾರ, ಅಕ್ಕಾರ, ಏನಿದು? ನೀವು ಮೆಹಮಾನ್ರು..."

ಅವ್ವ ತಿರುಗಿ ಅವನನ್ನು ನೋಡಿದಳು. ಸಿಟ್ಟಿಲ್ಲದ ದನಿಯಲ್ಲಿ, ಹಿಂದೆ ಕೂತಿದ್ದ ನನಗೂ ಕೇಳುವಂತೆ ಹೇಳಿದಳು: "ಹೌದ್ರಿ ಬಾಬುಸಾಬ್ರ. ಮನಿ ಮಂದಿಗಿಂತ ಮೆಹಮಾನ್ರಿಗಿ ಮೊದಲ ಬಡಸ್ತಾರಲ್ರಿ? ಅದಕ್ಕ ಮೊದಲ ಬಂದೇನಿ."

ಹೆಂಗಸರ ಕಡೆ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ವರ್ಷಗಟ್ಟಲೆ ತಾನೇ ಹೊಸೆದ ಹಗ್ಗ ತನ್ನ ಕಾಲಿಗೇ ತೊಡರಿದಾಗ ಮನುಷ್ಯ ಹೇಗೆ ಕಾಣುತ್ತಾನೆ ಎಂದು ಅವತ್ತು ನಾನು ಹೊಟ್ಟೆ ತುಂಬ ನೋಡಿದೆ.

ಪಾದ್ರಿಗಳಿಗೆ ಏನೂ ಅರ್ಥವಾಗಲಿಲ್ಲ. ಹಿರಿಯ ತಮಗೆ ತಿಳಿಸಿದ ಹೆಸರುಗಳಲ್ಲಿ ಈ ತಾಯಿಯದು ಇಲ್ಲ. ಬಗ್ಗಿ ಅವ್ವನನ್ನು ಕೇಳಿದರು: "ತಾಯಿ, ನಿಮಗೆ ದೀಕ್ಷಾಸ್ನಾನ ಆಗಿದೆಯೇ? ದೃಢೀಕರಣ ಆಗಿದೆಯೇ?"

"ಎರಡೂ ಆಗ್ಯಾವ್ರಿ ಅಯ್ಯಾ. ಔರಾದ ಕಡಿ."

ಹಾಗೆಂದು ಅವಳೊಬ್ಬಳೇ ಹೇಳಿದರೆ ಸಾಲದು, ಹಿರಿಯನು ಸಾಕ್ಷಿ ಹೇಳಬೇಕು, ನಿಯಮ ಹಾಗಿತ್ತು. ಪಾದ್ರಿಗಳು ತಲೆಯೆತ್ತಿ, "ಹಿರಿಯರೇ, ಇದು ನಿಮಗೆ ಗೊತ್ತಿದೆಯೇ?" ಎಂದರು.

ಇಲ್ಲ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು. ಹೊಸ ಪಾದ್ರಿ ಹಿರಿಯನ ಮಾತು ತೆಗೆದುಹಾಕಿ ಹೆಂಗಸಿನ ಮಾತು ನಂಬುತ್ತಿರಲಿಲ್ಲ. ನಮ್ಮ ಉಪದೇಶಿಗಳು ಅಷ್ಟರಲ್ಲಿ ತೀರಿಕೊಂಡಿದ್ದರು. ಅವ್ವ ಎಲ್ಲರ ಮುಂದೆ ಎದ್ದು ಮತ್ತೆ ಕುರ್ಚಿಗೆ ಬರಬೇಕಾಗುತ್ತಿತ್ತು, ಅಲ್ಲಿಂದ ಜನ್ಮದಲ್ಲಿ ಏಳುತ್ತಿರಲಿಲ್ಲ. ಬಾಬು ಮೇಣದಬತ್ತಿಯನ್ನು ನೋಡಿದ, ಬಟ್ಟಲನ್ನು ನೋಡಿದ. ಅವನ ಹಣೆಯ ಮೇಲೆ ಬೆವರು ಬಂದಿತ್ತು. ಇನ್ನೇನು ಸುಳ್ಳು ಹೇಳುತ್ತಾನೆ ಎಂದು ನಾನು ಕುರ್ಚಿಯಿಂದ ಅರ್ಧ ಎದ್ದೆ.

"ಗೊತ್ತದ್ರಿ," ಎಂದ ಬಾಬು. ಬಾಗಿಲಲ್ಲಿ ಗಂಟೆಯ ಹಾಗೆ ಮೊಳಗುತ್ತಿದ್ದ ದನಿ ಅದೇನಾ ಎನ್ನುವಷ್ಟು ಸಣ್ಣಗಿತ್ತು. "ಎರಡೂ ಆಗ್ಯಾವ. ನನಗ ಮೊದಲಿಂದ ಗೊತ್ತದ."

ಪಾದ್ರಿಗಳು ಅವ್ವನ ಬಾಯಿಗೆ ರೊಟ್ಟಿಯ ಚೂರು ಇಟ್ಟರು. ಬಟ್ಟಲು ಹಿಡಿದರು. ಅವ್ವ ಕಣ್ಣು ಮುಚ್ಚಿ ಕುಡಿದಳು. ನಾನು ಅವಳ ಬೆನ್ನನ್ನಷ್ಟೇ ನೋಡುತ್ತಿದ್ದೆ, ಅದು ಅಲುಗುತ್ತಿತ್ತು.

ಪಕ್ಕದಲ್ಲಿ ಬಾಬು ಮೊಣಕಾಲೂರಿದ್ದ. ಬೇರೆ ದಾರಿಯೇ ಇರಲಿಲ್ಲ. ರೊಟ್ಟಿ ತಿಂದ. ಪಾದ್ರಿಗಳು ಬಟ್ಟಲಿನ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ತುಸು ತಿರುಗಿಸಿ, ಅವನ ಮುಂದೆ ಹಿಡಿದರು. ಬಾಬು ಆ ಅಂಚನ್ನು ನೋಡಿದ. ಅವನ ತುಟಿ ಬಟ್ಟಲಿನ ಹತ್ತಿರ ಬಂತು, ನಿಂತಿತು. ಒಮ್ಮೆಲೇ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಎದ್ದು ಹೊರಗೆ ನಡೆದುಬಿಟ್ಟ. ಅವನ ಹಿಂದೆ ಖಟಕ ಚಿಂಚೋಳಿಯ ಇಬ್ಬರು ಗಂಡಸರೂ ಮೆಲ್ಲಗೆ ಎದ್ದು ಹೋದರು. ಯಾರು ಬಂದರೂ ಸೈ, ಎಲ್ಲರಿಗೂ ಜಾಗ ಇದೆ ಎಂದು ಹೆಸರು ಮಾಡಿದ ಸಭೆ! ಜಮಖಾನೆಯ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಕುರಿಮಂದೆ ನಿಂತ ಹಾಗೆ. ಆಗ ಬಾಬುವಿನ ಹೆಂಡತಿ ಎದ್ದಳು. ಗಂಡನ ಮುಂದೆ ಒಂದು ಮಾತನ್ನೂ ಆಡದವಳು. ಹೋಗಿ ಅವ್ವನ ತೋಳಿಗೆ ತೋಳು ತಾಗುವಂತೆ ಮೊಣಕಾಲೂರಿ, ತಾನೇ ಕುದಿಸಿದ ರಸವನ್ನು ಕುಡಿದಳು. ಆಮೇಲೆ ಉಳಿದವರೂ ಬಂದರು. ನಾನೂ ಹೋದೆ.

ಅವತ್ತಿನಿಂದ ನಾವು ಜಮಖಾನೆಗೆ ಬಂದೆವು. ಚಹಾ ಹಿತ್ತಾಳೆ ಗಿಲಾಸಿನಲ್ಲಿ ಬಂತು, ಅವ್ವ ಪಾತ್ರೆಯ ಪಾಳಿಗೂ ಸೇರಿದಳು. ಬಾಬು ಮರುವಾರವೂ ಬಾಗಿಲಿಗೆ ಬಂದ, ಏನೂ ನಡೆದೇ ಇಲ್ಲ ಎಂಬಂತೆ. ಅದೇ ಅತ್ತರು, ಅದೇ ದಯಮಾಡಿಸಬೇಕ್ರಿ. ಆದರೆ ಎಲ್ಲರೂ ಕುಡಿಯುವ ಗಿಲಾಸಿನಲ್ಲಿ ಅವನು ಚಹಾ ಮುಟ್ಟಲಿಲ್ಲ. ಮನೆಯಿಂದ ತನ್ನದೇ ಒಂದು ಗಿಲಾಸನ್ನು ಜೇಬಿನಲ್ಲಿ ಹಾಕಿಕೊಂಡು ಬರತೊಡಗಿದ. ಸಾಕ್ಷಿ ಹೇಳುವ ದಿನ ಬೇವಿನ ಮರದ ಕಥೆ ಹೇಳುವುದನ್ನೂ ನಿಲ್ಲಿಸಿದ. ಭೋಜನವಿದ್ದ ಭಾನುವಾರ ಎಲ್ಲರೂ ಮುಂದೆ ಹೋಗುವಾಗ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದ. ಯಾರಾದರೂ ಕೇಳಿದರೆ, "ಹೊಟ್ಟಿ ಬ್ಯಾನಿ ಅದರಿ, ದ್ರಾಕ್ಷಿ ರಸ ಆಗಂಗಿಲ್ಲ" ಎನ್ನುತ್ತಿದ್ದ. ಅದೇ ಹೊಟ್ಟೆ ಮದುವೆ ಮನೆಗಳಲ್ಲಿ ಎಷ್ಟು ಹೋಳಿಗೆ ಅರಗಿಸಿಕೊಳ್ಳುತ್ತಿತ್ತು ಎಂಬುದು ಊರಿಗೇ ಗೊತ್ತಿತ್ತು.

ಪಾದ್ರಿಗಳು ಬಿಡಲಿಲ್ಲ. ಮನೆಗೆ ಹೋಗಿ ಕೂತು ಕೇಳಿದರಂತೆ. ಬಾಬು, "ಇದು ಪಾಪ ಅಂತ ನನಗ ಗೊತ್ತದರಿ ಅಯ್ಯಾ. ತಲಿ ಕೇಳ್ತದ, ಗಂಟಲ ಕೇಳಂಗಿಲ್ಲ" ಎಂದನಂತೆ. ಅವನ ಹೆಂಡತಿ ಇದನ್ನು ಅವ್ವನಿಗೆ ಹೇಳಿ ಅತ್ತಳು. ನನಗೆ ಮೈಯೆಲ್ಲ ಉರಿಯಿತು. ಗಂಟಲು ಕೇಳುವುದಿಲ್ಲವಂತೆ! ಸಾಹೇಬರು ಬದಲಾದಾಗ ಗಡ್ಡ ಕೇಳಿತು, ಶೇರವಾನಿ ಕೇಳಿತು, ನಾಲಿಗೆ ಕೇಳಿತು. ಗಂಟಲೊಂದಕ್ಕೆ ಮಾತ್ರ ಎಲ್ಲಿಲ್ಲದ ಹಟ. ತನ್ನ ಅಪ್ಪನನ್ನು ಹೊರಗೆ ನಿಲ್ಲಿಸಿದ ಹೋಟೆಲಿನವನ ಗಂಟಲೂ ಇದೇ ಮಾತು ಹೇಳಿರಬೇಕಲ್ಲ? ಅವನಾದರೋ ಬೈಬಲ್ಲು ಓದಿದವನಲ್ಲ.

ಹೀಗೆ ಎಷ್ಟೋ ವರ್ಷ ನಡೆಯಿತು. ಕಡೆಗೆ ಬಾಬು ನಿಜವಾಗಿಯೂ ಹೊಟ್ಟೆಯ ಬೇನೆಯಿಂದಲೇ ಮಲಗಿದ. ಬೀದರಿನ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅವನ ಹೆಂಡತಿ ಅವ್ವನಿಗೆ ಹೇಳಿ ಕಳಿಸಿದಳು, ಒಬ್ಬಳಿಗೇ ಅವನನ್ನು ಎತ್ತಿ ಮಲಗಿಸಲು ಆಗುತ್ತಿರಲಿಲ್ಲ. ಅವ್ವ ದಿನಾ ಹೋಗುತ್ತಿದ್ದಳು. ಅವನ ಮಗ್ಗುಲು ಬದಲಿಸಿ, ಬೆನ್ನು ಒರೆಸಿ ಬರುತ್ತಿದ್ದಳು. ಆಗ ಮಾತ್ರ ಬಾಬು ಏನೂ ಅನ್ನುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡಿರುತ್ತಿದ್ದನಂತೆ. ಮೈಗೆ ಆದದ್ದು ಗಂಟಲಿಗೆ ಆಗಲಿಲ್ಲ ನೋಡಿ.

ಪಾದ್ರಿಗಳು ಭೋಜನದ ಸಾಮಾನು ತೆಗೆದುಕೊಂಡು ಬಂದ ದಿನ ನಾನೂ ಅಲ್ಲಿದ್ದೆ. ಮಂಚದ ಪಕ್ಕದ ಸ್ಟೂಲಿಗೆ ಬಿಳಿ ಬಟ್ಟೆ ಹಾಸಿದರು. ರೊಟ್ಟಿಯ ಚೂರನ್ನು ನೀರಲ್ಲಿ ನೆನೆಸಿ ಬಾಯಿಗಿಟ್ಟರು, ನುಂಗಿದ. ಬಟ್ಟಲು ತಂದಾಗ ಬಾಬು ಕಣ್ಣು ತೆರೆದ.

"ಅದ ಬಟ್ಟಲೇನ್ರಿ ಅಯ್ಯಾ?"

"ನಮ್ಮ ಸಭೆಗೆ ಇರುವುದು ಒಂದೇ ಬಟ್ಟಲಲ್ಲವೇ ಬಾಬುಗಳೇ," ಎಂದರು ಪಾದ್ರಿಗಳು.

ಬಾಬುವಿನ ಕೈ ಮೆಲ್ಲಗೆ ಮೇಲೆ ಬಂತು. ಬೆರಳುಗಳು ಬಟ್ಟಲಿನ ಕಾಲಿಗೆ ತಾಗಿದವು. ಕಣ್ಣಲ್ಲಿ ನೀರು ಬಂದು ಕಿವಿಯ ಕಡೆ ಇಳಿಯಿತು. ಅವನಿಗೆ ಅದು ಬೇಕಾಗಿತ್ತು, ಎಷ್ಟು ಬೇಕಾಗಿತ್ತು ಎಂಬುದು ಕುರುಡರಿಗೂ ಕಾಣುವಂತಿತ್ತು. ಹೆಂಡತಿ ಅವನ ತಲೆಯನ್ನು ತನ್ನ ತೋಳಿನ ಮೇಲೆ ಎತ್ತಿ ಹಿಡಿದಳು, ಪಾದ್ರಿಗಳು ಬಟ್ಟಲನ್ನು ತುಟಿಗೆ ಹಚ್ಚಿದರು. ತುಟಿ ತೆರೆಯಲಿಲ್ಲ. ತೆರೆಯಲು ನೋಡಿದ, ತೆರೆಯಲಿಲ್ಲ. ಆಮೇಲೆ ಕೈ ಕೆಳಗೆ ಬಿತ್ತು, ಮುಖ ಗೋಡೆಯ ಕಡೆ ತಿರುಗಿತು. ಮರುದಿನ ಮಧ್ಯಾಹ್ನ ಹೋದ.

ಮಣ್ಣು ಕೊಟ್ಟು ಬರುವಾಗ ಜನ ಬಾಬುವಿನ ಗುಣಗಾನ ಮಾಡುತ್ತಿದ್ದರು: ಎಂಥ ಆದರ, ಎಂಥ ಮರ್ಯಾದೆ, ಅಂಥವರು ಇನ್ನು ಎಲ್ಲಿ ಸಿಗಬೇಕು. ನನಗೆ ತಡೆಯಲಾಗಲಿಲ್ಲ. ಅವ್ವನ ಜೊತೆ ಒಬ್ಬಳೇ ಉಳಿದಾಗ, ಸಾಯುವಾಗಲೂ ಬಿಡಲಿಲ್ಲ ನೋಡು ತನ್ನ ಬುದ್ಧಿ, ನೀನು ಅವನ ಮೈ ಒರೆಸಿದೆ, ಅವನು ನಿನ್ನ ಎಂಜಲೆಂದು ದೇವರ ಬಟ್ಟಲಿಗೇ ಬಾಯಿ ಮುಚ್ಚಿದ, ಇಂಥ ಸಾವು ಅವನಿಗೆ ಬರಲೇಬೇಕಿತ್ತು ಎಂದೆ. ಇನ್ನೂ ಏನೇನೋ ಎಂದೆ. ಅದರಲ್ಲಿ ಒಂದು ಮಾತನ್ನೂ ನಾನು ಇವತ್ತಿಗೂ ವಾಪಸು ತೆಗೆದುಕೊಂಡಿಲ್ಲ.

ಅವ್ವ ನಡೆಯುತ್ತಿದ್ದವಳು ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಬಾಯಿ ಮುಚ್ಚವ್ವಾ. ಅವತ್ತ ಅಂವ ಇಲ್ಲ ಅಂದಿದ್ರ ಅಂವ ಉಣ್ತಿದ್ದ, ನಾ ಕುರ್ಚಿ ಮ್ಯಾಲ ಇರ್ತಿದ್ದೆ. ಹೌದು ಅಂದ. ನನಗ ಬಡಿಸಿ ತಾ ಉಪಾಸ ಹೋದ."